ಪಣಜಿಯಿಂದ ಜೋಗಕ್ಕೆ: ರೇಡಾರ್ ಕಿರಣದ ಕೆಳಗೆ ಐದು ದಿನ

ಮೊದಲ ದಿನ: ಪಣಜಿ – ಕಾರವಾರ

ಮಳೆಗಾಲದಲ್ಲಿ ಉತ್ತರ ಕನ್ನಡಕ್ಕೆ ಬೈಕಿನಲ್ಲಿ ಹೊರಟವರಿಗೆ ಬೇಕಾದದ್ದು ಹೊಳವು. ಎರಡು ಮಳೆಯ ನಡುವೆ ಸಿಗುವ ಅರ್ಧ ತಾಸು, ಮುಕ್ಕಾಲು ತಾಸಿನ ಬಿಡುವಿಗೆ ಘಟ್ಟದ ಮೇಲಿನವರು ಇಟ್ಟಿರುವ ಹೆಸರು ಅದು. ಜುಲೈ ಎರಡನೇ ವಾರ, ಪುನರ್ವಸು ಮಳೆ ಹಿಡಿದಿದ್ದಾಗ, ಎರಡು ಬೈಕಿನಲ್ಲಿ ಪಣಜಿಯಿಂದ ಕಾರವಾರ, ಗೋಕರ್ಣ, ಶಿರಸಿ ಹಾದು ಜೋಗದವರೆಗೆ ಹೋದ ದಾರಿ ಇದು. ಪಣಜಿಯಿಂದಲೇ ಶುರುಮಾಡಲು ಕಾರಣವಿದೆ. ರೇಡಿಯೋ ಕಿರಣ ಕಳಿಸಿ, ಮಳೆಹನಿಗೆ ತಾಗಿ ಮರಳಿದ್ದನ್ನು ಅಳೆದು ಮಳೆ ಎಲ್ಲಿದೆಯೆಂದು ತೋರಿಸುವ, ಭಾರತೀಯ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್ ಇರುವುದು ಅಲ್ಲಿ. ಅಲ್ಲಿಂದ ನೇರ ಗೆರೆ ಎಳೆದರೆ ಕಾರವಾರ ಸುಮಾರು 80 ಕಿಲೋಮೀಟರ್, ಗೋಕರ್ಣ 115, ಶಿರಸಿ 145, ಜೋಗ 175. ದಿನದಿಂದ ದಿನಕ್ಕೆ ರೇಡಾರ್‌ನಿಂದ ದೂರ ಸರಿಯುತ್ತ ಹೋದರೆ, ಅದರ ಚಿತ್ರವನ್ನು ಎಲ್ಲಿಯವರೆಗೆ ನಂಬಬಹುದು ಎನ್ನುವುದು ರಸ್ತೆಯ ಮೇಲೆಯೇ ಗೊತ್ತಾಗುತ್ತದೆ.

ಬೆಳಿಗ್ಗೆ ಏಳಕ್ಕೆ ಭಾಜಿ–ಪಾವ್ ಮುಗಿಸಿ ಹವಾಮಾನ ಇಲಾಖೆಯ 'ಮೌಸಮ್' ಜಾಲತಾಣ ತೆರೆದು, ರೇಡಾರ್ ವಿಭಾಗದಲ್ಲಿ ಗೋವಾ ಆಯ್ದುಕೊಂಡದ್ದಾಯಿತು. ಆ ಪುಟವನ್ನೇ ಮೊಬೈಲಿನ ಮುಖಪರದೆಗೆ ಸೇರಿಸಿಕೊಂಡರೆ ದಾರಿಯಲ್ಲಿ ಹುಡುಕಾಟ ಉಳಿಯುತ್ತದೆ. ಇಲ್ಲೊಂದು ಎಚ್ಚರ ಅಗತ್ಯ. ಬಣ್ಣ ಬಣ್ಣದ ಮಳೆ ನಕ್ಷೆ ತೋರಿಸುವ ಆ್ಯಪ್‌ಗಳೆಲ್ಲ ರೇಡಾರ್ ತೋರಿಸುವುದಿಲ್ಲ. ಹಲವು ಆ್ಯಪ್‌ಗಳು ಕಂಪ್ಯೂಟರಿನ ಮುನ್ಸೂಚನೆಯನ್ನೋ ಉಪಗ್ರಹದ ಅಂದಾಜನ್ನೋ ಅದೇ ಬಣ್ಣಗಳಲ್ಲಿ ಬಳಿದು ಕೊಡುತ್ತವೆ. ಗುರುತಿಸುವುದು ಸುಲಭ. ನಿಜವಾದ ರೇಡಾರ್ ಚಿತ್ರಕ್ಕೆ ಒಂದು ಕೇಂದ್ರ ಮತ್ತು ಒಂದು ವೃತ್ತ ಇರುತ್ತದೆ, ಬೆಟ್ಟ ಅಡ್ಡ ಬಂದ ದಿಕ್ಕಿನಲ್ಲಿ ಹೋಳು ಕತ್ತರಿಸಿದಂತೆ ಖಾಲಿ ಇರುತ್ತದೆ, ಅಲ್ಲಲ್ಲಿ ಕಸದಂತೆ ಚುಕ್ಕೆಗಳಿರುತ್ತವೆ. ಚಿತ್ರದ ಸಮಯ ಯಾವಾಗಲೂ ಆಗಿಹೋದ ಸಮಯ. ನಾಳೆ ಸಂಜೆಯ ಮಳೆಯನ್ನೂ ತೋರಿಸುತ್ತಿದ್ದರೆ ಅದು ರೇಡಾರ್ ಅಲ್ಲ.

ಮೊದಲು ನೋಡಬೇಕಾದದ್ದು 'ಮ್ಯಾಕ್ಸ್ ಝಡ್' ಎಂಬ ಚಿತ್ರ. 250 ಕಿಲೋಮೀಟರ್ ತ್ರಿಜ್ಯದ ವೃತ್ತದಲ್ಲಿ, ಪ್ರತಿ ಜಾಗದ ಮೇಲಿನ ಆಕಾಶದಲ್ಲಿ ಸಿಕ್ಕ ಅತಿ ಬಲವಾದ ಪ್ರತಿಫಲನವನ್ನು ಅದು ತೋರಿಸುತ್ತದೆ. ಬಣ್ಣದ ಪಟ್ಟಿಯ ಅಂಕಿಗಳು ಪ್ರತಿಫಲನದ ಬಲ ಅಳೆಯುವ ಡಿಬಿಝಡ್ ಮಾನದಲ್ಲಿವೆ. ಸಾಮಾನ್ಯ ಸೂತ್ರದ ಪ್ರಕಾರ 20 ಡಿಬಿಝಡ್ ಅಂದರೆ ಗಂಟೆಗೆ ಒಂದು ಮಿಲಿಮೀಟರ್‌ಗೂ ಕಡಿಮೆ, ಜಾಕೆಟ್ ಸಾಕು. 30 ಅಂದರೆ ಸುಮಾರು 2.7 ಮಿ.ಮೀ. 40ಕ್ಕೆ 11 ಮಿ.ಮೀ. ದಾಟುತ್ತದೆ, ಹೆಲ್ಮೆಟ್ಟಿನ ಗಾಜಿನಲ್ಲಿ ದಾರಿ ಕಾಣುವುದು ಕಷ್ಟ. 50 ಅಂದರೆ ಗಂಟೆಗೆ 48 ಮಿ.ಮೀ.ಗಿಂತ ಹೆಚ್ಚು, ಬೈಕು ನಿಲ್ಲಿಸಲೇಬೇಕು. 30ರಿಂದ 40ಕ್ಕೆ ಹತ್ತೇ ಅಂಕಿ ಏರಿದರೂ ಮಳೆ ನಾಲ್ಕು ಪಟ್ಟಾಗುತ್ತದೆ ಎನ್ನುವುದನ್ನು ಮರೆಯಬಾರದು.

ಒಂದೇ ಚಿತ್ರದಿಂದ ಏನೂ ತಿಳಿಯದು. ಇಪ್ಪತ್ತು ನಿಮಿಷಗಳ ಅಂತರದ ಎರಡು ಚಿತ್ರ ಬೇಕು. ಅಂದು 7:20ಕ್ಕೆ ಸಮುದ್ರದ ಮೇಲಿದ್ದ ಮಳೆಪಟ್ಟೆಯ ಮುಂಚೂಣಿ ಕರಾವಳಿಯಿಂದ 30 ಕಿಲೋಮೀಟರ್ ದೂರದಲ್ಲಿತ್ತು, 7:40ಕ್ಕೆ 18 ಕಿಲೋಮೀಟರ್. ಇಪ್ಪತ್ತು ನಿಮಿಷಕ್ಕೆ 12 ಕಿಲೋಮೀಟರ್, ಅಂದರೆ ಗಂಟೆಗೆ 36. ಉಳಿದ 18ಕ್ಕೆ ಅರ್ಧ ತಾಸು. ಮೊಬೈಲಿನಲ್ಲಿ ಆ ವೃತ್ತದ ಅಗಲ ಐದು ಸೆಂಟಿಮೀಟರ್ ಇದ್ದರೆ ಒಂದು ಮಿಲಿಮೀಟರ್ ಅಂದರೆ ಹತ್ತು ಕಿಲೋಮೀಟರ್, ಬೆರಳ ತುದಿಯಲ್ಲಿ ಇಡೀ ಒಂದು ತಾಲ್ಲೂಕು ಮುಚ್ಚಿಹೋಗುತ್ತದೆ. ಹಾಗಾಗಿ ಚಿತ್ರ ಹಿಗ್ಗಿಸಿ, ಕಾಗದದ ಅಂಚಿಟ್ಟು ಅಳೆಯುವುದೇ ಸರಿ. ಈ ಲೆಕ್ಕವನ್ನು ಗಾಳಿಯ ಚಿತ್ರದಲ್ಲೂ ತಾಳೆ ನೋಡಬಹುದು. 'ವಿವಿಪಿ' ಎನ್ನುವ ಚಿತ್ರದಲ್ಲಿ ಎತ್ತರಕ್ಕೆ ಎತ್ತರಕ್ಕೆ ಗಾಳಿಯ ಬಾಣಗಳಿರುತ್ತವೆ. ಬಾಲದ ಉದ್ದ ಗೆರೆ 10 ನಾಟ್, ಗಿಡ್ಡ ಗೆರೆ 5. ಒಂದೂವರೆಯಿಂದ ಮೂರು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ 20 ನಾಟ್, ಅಂದರೆ ಗಂಟೆಗೆ 37 ಕಿಲೋಮೀಟರ್. ಎರಡೂ ಹೊಂದಿದವು.

ಪಟ್ಟೆ ದಾಟುವವರೆಗೆ ಕಾದು, 8:50ಕ್ಕೆ ಹೊರಟು, ಮಡಗಾಂವ್, ಕಾಣಕೋಣ ಹಾದು ಪೋಳೆಂ ಗಡಿಯವರೆಗೆ ಒಣರಸ್ತೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ರೇಡಾರ್‌ಗೂ ನಿಜ. ಅದು ನೆತ್ತಿಯ ಕಡೆ ತಿರುಗುವುದಿಲ್ಲವಾದ್ದರಿಂದ ಪಣಜಿಯ ಮೇಲೇ ಎತ್ತರಕ್ಕೆ ಬೆಳೆದ ಮೋಡದ ತಲೆ ಕಾಣಿಸುವುದಿಲ್ಲ. ಕಾರವಾರಕ್ಕೆ ಆ ತೊಂದರೆಯಿಲ್ಲ. ಅತಿ ಕೆಳಗಿನ ಕಿರಣ ಅರ್ಧ ಡಿಗ್ರಿ ಮೇಲಕ್ಕಿದೆ ಎಂದು ಹಿಡಿದರೆ, ಭೂಮಿಯ ಬಾಗನ್ನೂ ಸೇರಿಸಿ 80 ಕಿಲೋಮೀಟರ್ ದೂರದಲ್ಲಿ ಅದು ನೆಲದಿಂದ ಸುಮಾರು 1.1 ಕಿಲೋಮೀಟರ್ ಎತ್ತರದಲ್ಲಿ ಹಾಯುತ್ತದೆ. ಅಲ್ಲಿ ಕಂಡ ಮಳೆ ಕೆಳಗೂ ಬೀಳುತ್ತಿರುತ್ತದೆ.

ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳೆಲ್ಲ ದಡದಲ್ಲಿದ್ದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು ಮೊಬೈಲಿನ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಇದು ದೂರದ್ದಕ್ಕೆ ಚಲೋ ಅದೆ ತಮ್ಮಾ. ಹತ್ತಿರದ್ದಕ್ಕೆ ಕೂರ್ಮಗಡ ನೋಡು. ನಡುಗಡ್ಡೆ ಮಾಯ ಆಯ್ತು ಅಂದ್ರೆ ಬಲೆ ಮಡಚೂಕೆ ಮಾತ್ರ ಟೈಮು." ನಡುಗಡ್ಡೆ ದಡದಿಂದ ನಾಲ್ಕೈದು ಕಿಲೋಮೀಟರ್. ಗಂಟೆಗೆ 36 ಕಿಲೋಮೀಟರ್ ವೇಗದ ಮಳೆಗೆ ಅದು ಏಳೆಂಟು ನಿಮಿಷದ ಹಾದಿ. ರೇಡಾರ್ ಚಿತ್ರ ಹತ್ತು ನಿಮಿಷಕ್ಕೊಮ್ಮೆ ಬದಲಾಗುವುದರಿಂದ ಕೊನೆಯ ಹತ್ತು ನಿಮಿಷಕ್ಕೆ ಅವರ ಉಪಾಯವೇ ಮೇಲು. ಮಧ್ಯಾಹ್ನ ಊಟಕ್ಕೆ ತಿಸ್ರೆ ಸುಕ್ಕಾ, ಕುಚ್ಚಲಕ್ಕಿ ಅನ್ನ. ನಿಷೇಧದ ದಿನಗಳಲ್ಲಿ ಹೊಳೆಬಾಯಿಯ ಚಿಪ್ಪೇ ಗತಿ, ರುಚಿಗೇನೂ ಕಡಿಮೆಯಿಲ್ಲ.

ಎರಡನೇ ದಿನ: ಕಾರವಾರ – ಗೋಕರ್ಣ

ಈ ದಿನದ ಪ್ರಮಾದ ಎಲ್ಲರಿಗೂ ಆಗಬಹುದಾದದ್ದು. ಬೆಳಿಗ್ಗೆ 8:20ಕ್ಕೆ ತೆರೆದ ಚಿತ್ರದ ಮೇಲೆ 08:10 ಎಂದಿತ್ತು. ಹತ್ತು ನಿಮಿಷದ ಹಿಂದಿನದು, ಅಂಕೋಲೆಯವರೆಗೆ ಖಾಲಿ ಎಂದುಕೊಂಡು ಹೊರಟರೆ, ಬಿಣಗಾ ದಾಟುವಷ್ಟರಲ್ಲಿ ಧೋ ಎಂದು ಸುರಿಯಿತು. ರೇಡಾರ್ ಚಿತ್ರದ ಮೇಲೆ ಬರೆದದ್ದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ, ನಮ್ಮ ಗಡಿಯಾರಕ್ಕೆ ತರಲು ಐದೂವರೆ ಗಂಟೆ ಕೂಡಿಸಬೇಕು. 8:20ರ ಬೆಳಿಗ್ಗೆಗೆ ಹೊಸ ಚಿತ್ರವಾಗಿದ್ದರೆ 02:40 ಎಂದಿರಬೇಕಿತ್ತು. 08:10 ಅಂದರೆ ಮಧ್ಯಾಹ್ನ 1:40. ಅದು ಹಿಂದಿನ ದಿನ ಊಟದ ಹೊತ್ತಿಗೆ ತೆರೆದಿದ್ದ ಚಿತ್ರ, ಬ್ರೌಸರ್ ಹಳೆಯ ಪ್ರತಿಯನ್ನೇ ಮತ್ತೆ ತೋರಿಸಿತ್ತು. ಗಂಟೆ ನೋಡುವ ಮೊದಲು ತಾರೀಕು ನೋಡಬೇಕು, ಪುಟವನ್ನು ಮತ್ತೆ ಲೋಡ್ ಮಾಡಬೇಕು, ಅನುಮಾನ ಬಂದರೆ ಖಾಸಗಿ ಟ್ಯಾಬಿನಲ್ಲಿ ತೆರೆಯಬೇಕು. ರೇನ್‌ಕೋಟ್ ಪ್ಯಾಂಟು, ಕೋಟು, ಚೀಲದ ಹೊದಿಕೆ ಹಾಕಿಕೊಳ್ಳಲು ನಾಲ್ಕರಿಂದ ಐದು ನಿಮಿಷ ಬೇಕು. ಅಂದರೆ ನಿರ್ಧಾರ ಮಳೆಗಿಂತ ಕನಿಷ್ಠ ಹತ್ತು ನಿಮಿಷ ಮೊದಲೇ ಆಗಬೇಕು. ಒದ್ದೆ ಬೆರಳಿಗೆ ಮೊಬೈಲ್ ಸ್ಪಂದಿಸುವುದಿಲ್ಲ. ಎದೆ ಜೇಬಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಒಣ ಕರವಸ್ತ್ರ ಇರಲೇಬೇಕು.

ಅಂಕೋಲೆಯಲ್ಲಿ ಬಟ್ಟೆ ಹಿಂಡಿ, ಗಂಜಿ, ಒಣಮೀನಿನ ಚಟ್ನಿ. ಮುಂದೆ ಗಂಗಾವಳಿಯ ಪಕ್ಕಕ್ಕೆ ಹೆದ್ದಾರಿ ಶಿರೂರಿನ ಗುಡ್ಡದ ಬುಡದಲ್ಲಿ ಹಾಯುತ್ತದೆ. 2024ರ ಜುಲೈ 16ರಂದು ಇಲ್ಲೇ ಗುಡ್ಡ ಕುಸಿದು ರಸ್ತೆಬದಿಯ ಚಹಾ ಅಂಗಡಿ, ವಾಹನ, ಜನ ಎಲ್ಲವನ್ನೂ ಹೊಳೆಗೆ ನೂಕಿತು. ಇಂಥ ಜಾಗದಲ್ಲಿ ಈ ಕ್ಷಣದ ಮಳೆಯ ಚಿತ್ರ ಸಾಲದು. ಆಕಾಶ ಹೊಳವಾಗಿದ್ದರೂ ನಿನ್ನೆಯ ನೀರು ಮಣ್ಣಿನೊಳಗೆ ಇರುತ್ತದೆ. ಅದಕ್ಕೆ ರೇಡಾರ್ ಪುಟದಲ್ಲೇ ಇರುವ 'ಪಿಎಸಿ' ಚಿತ್ರ, ಅಂದರೆ 24 ಗಂಟೆಗಳ ಒಟ್ಟು ಮಳೆಯ ಅಂದಾಜು ನೋಡಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಎರಡನೆಯ ಮಟ್ಟ ಮುಟ್ಟಿದ ದಿನ, ಕಡಿದ ಗುಡ್ಡದ ಕೆಳಗೆ ಮಳೆಗೆ ಆಸರೆ ಹುಡುಕಿ ನಿಲ್ಲುವುದು ಬೇಡವೇ ಬೇಡ. ನೆನೆದರೆ ನೆನೆಯಲಿ, ಬಯಲಿಗೆ ಬಂದು ನಿಲ್ಲಬೇಕು. ಆ ದಿನ ಚಿತ್ರದಲ್ಲಿ 80ರ ಆಸುಪಾಸಿತ್ತು. ನಿಲ್ಲದೆ ದಾಟಿದೆವು.

ಸಂಜೆ ಗೋಕರ್ಣದ ಕಡಲ ಮೇಲೆ, ಚಿತ್ರದಲ್ಲಿ ಹಸಿರು ಚುಕ್ಕೆಗಳ ಗುಂಪು. ಮೂರು ಚಿತ್ರಗಳಲ್ಲೂ ಅವು ಇದ್ದಲ್ಲೇ ಇದ್ದವು. ಗಾಳಿ ಪಶ್ಚಿಮದಿಂದ ಬೀಸುತ್ತಿರುವಾಗ ಕಡಲ ಮೇಲೆ ಕದಲದೆ ನಿಂತ ಚುಕ್ಕೆ ಮಳೆಯಲ್ಲ, ಕಿರಣ ಅಲೆಗೋ ನೆಲಕ್ಕೋ ತಾಗಿ ಮರಳಿದ್ದು. ಅದನ್ನು ಬಿಟ್ಟು ದಡದಲ್ಲಿ ಒಂದು ತಾಸು ನಡೆದರೂ ಹನಿ ಬೀಳಲಿಲ್ಲ.

ಮೂರನೇ ದಿನ: ಗೋಕರ್ಣ – ಕುಮಟಾ – ದೇವಿಮನೆ – ಶಿರಸಿ

ಕರಾವಳಿಯಲ್ಲಿ ಮಳೆಪಟ್ಟೆ ಬರುತ್ತದೆ, ಹೋಗುತ್ತದೆ. ವೇಗದ ಲೆಕ್ಕ ಕೈಕೊಡುವುದು ಘಟ್ಟದಲ್ಲಿ. ಕುಮಟಾ ದಾಟಿ ಕತಗಾಲದ ಚಹಾ ಹೋಟೆಲಿನಲ್ಲಿ ಕುಳಿತು ಐದು ಚಿತ್ರ ಸಾಲಾಗಿ ನೋಡಿದಾಗ ಅದು ಕಣ್ಣಿಗೇ ಕಂಡಿತು. ಸಮುದ್ರದಿಂದ ಬಂದ ಪಟ್ಟೆಯ ಹಿಂದಿನ ಅಂಚು ಕುಮಟಾ ದಾಟಿ ಒಳಗೆ ಸರಿಯಿತು, ಆದರೆ ದೇವಿಮನೆ ಘಟ್ಟದ ಮೇಲಿನ ಹಳದಿ ಮಚ್ಚೆ ಐವತ್ತು ನಿಮಿಷವಾದರೂ ಕದಲಲಿಲ್ಲ. ಹಸಿಗಾಳಿ ಗುಡ್ಡಕ್ಕೆ ತಾಗಿ ಮೇಲೇರುವಲ್ಲೆಲ್ಲ ಹೊಸ ಮಳೆ ಹುಟ್ಟುತ್ತಲೇ ಇರುತ್ತದೆ. ಹನಿಗಳು ಮುಂದೆ ಹೋಗುತ್ತವೆ, ಮಳೆ ನಿಂತಲ್ಲೇ ಇರುತ್ತದೆ. ಇಂಥ ಮಚ್ಚೆ ಸರಿಯಲಿ ಎಂದು ಕಾಯುತ್ತ ಕುಳಿತರೆ ಸಂಜೆಯಾಗುತ್ತದೆ. ಇಲ್ಲಿ ನೋಡಬೇಕಾದದ್ದು ಬಣ್ಣ ಕೆಂಪಿಗೆ ಏರುತ್ತದೆಯೇ ಎನ್ನುವುದನ್ನು. ಸಮುದ್ರದಿಂದ ಹೊಸ ಪಟ್ಟೆ ಬಂದು ಘಟ್ಟದ ಮಳೆಗೆ ಸೇರಿದಾಗ 45 ದಾಟುತ್ತದೆ, ಪಟ್ಟೆ ದಾಟಿದ ಮೇಲೆ 35ಕ್ಕೆ ಇಳಿಯುತ್ತದೆ. ಆ ಇಳಿತವೇ ಘಟ್ಟ ಹತ್ತುವ ಹೊತ್ತು.

ಮೇಲಿನಿಂದ ಇಳಿದು ಬಂದ ಲಾರಿ ಚಾಲಕರೊಬ್ಬರು ಗ್ಲಾಸು ಕೆಳಗಿಡುತ್ತ ಹೇಳಿದರು: "ಮಳೆ ಅಷ್ಟಿಲ್ಲ ಅಣ್ಣ. ಮಂಜು ಅದೆ. ಎರಡು ತಿರುವಲ್ಲಿ ಕೆಮ್ಮಣ್ಣು ರಸ್ತೆಗೆ ಬಂದದೆ, ಬ್ರೇಕ್ ಹಿಡೀಬೇಡಿ." ಈ ಎರಡು ಮಾತನ್ನು ಯಾವ ರೇಡಾರೂ ಕೊಡಲಾರದು. ಎದುರಿನಿಂದ ಬರುವ ವಾಹನದವರನ್ನು ಕೇಳುವುದು, ಅವರ ವೈಪರ್ ಯಾವ ವೇಗದಲ್ಲಿ ಓಡುತ್ತಿದೆ ಎಂದು ನೋಡುವುದು ಘಟ್ಟದಲ್ಲಿ ದೊಡ್ಡ ಸಹಾಯ.

ಕಾಡಿನೊಳಗೆ ಸಿಗ್ನಲ್ ಹೋಗುತ್ತದೆ. ಆದ್ದರಿಂದ ಕತಗಾಲದಲ್ಲೇ ಮೂರು ಚಿತ್ರಗಳ ಸ್ಕ್ರೀನ್‌ಶಾಟ್ ತೆಗೆದು, ಸಮುದ್ರದ ಮೇಲಿನ ಮುಂದಿನ ಪಟ್ಟೆ ಎಷ್ಟು ದೂರದಲ್ಲಿದೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೊರಟದ್ದಾಯಿತು: "10:40ಕ್ಕೆ ಕರಾವಳಿಯಿಂದ 45 ಕಿ.ಮೀ., 11:50ರ ಹೊತ್ತಿಗೆ ಕುಮಟಾ." ಚಲಿಸುವ ಚಿತ್ರಕ್ಕಿಂತ ಬಿಡಿ ಚಿತ್ರ ಬೇಗ ಇಳಿಯುತ್ತದೆ, ದುರ್ಬಲ ಸಿಗ್ನಲ್‌ನಲ್ಲಿ ಅದನ್ನೇ ತೆರೆಯಬೇಕು. ದೇವಿಮನೆಯ ಗುಡಿಯ ಬಳಿ ಮಂಜು, ಸಣ್ಣ ಮಳೆ, ಎರಡು ಕಡೆ ಹರಿದ ಕೆಸರು. 12:10ಕ್ಕೆ ಬಂಡಲ ದಾಟಿದ ಮೇಲೆ ಹಿಂದಿನಿಂದ ಗುಡುಗಿಲ್ಲದ ದೊಡ್ಡ ಸದ್ದು ಕಾಡಿನ ಮೇಲೆ ಬಂತು, ಆ ಪಟ್ಟೆಯದ್ದೇ.

ಶಿರಸಿಯಲ್ಲಿ ಊಟಕ್ಕೆ ಅಪ್ಪೆಹುಳಿ, ಕಳಲೆ ಪಲ್ಯ. ಸಂಜೆ ಚಿತ್ರದಲ್ಲಿ ಊರಿನ ಮೇಲೆ 38 ಡಿಬಿಝಡ್‌ನ ದಟ್ಟ ಹಳದಿ, ಪೇಟೆಯಲ್ಲಿ ಕೊಡೆ ಬಿಚ್ಚಲು ಜನ ಯೋಚಿಸುವಷ್ಟು ಮಾತ್ರ ಹನಿ. ಮ್ಯಾಕ್ಸ್ ಝಡ್ ಚಿತ್ರದ ಮೇಲ್ಭಾಗ ಮತ್ತು ಪಕ್ಕದಲ್ಲಿ ಎತ್ತರ ತೋರಿಸುವ ಎರಡು ಪಟ್ಟಿಗಳಿರುತ್ತವೆ. ಅವನ್ನು ನೋಡಿದರೆ ಉತ್ತರ ಸಿಕ್ಕಿತು. ಹಳದಿಯೆಲ್ಲ ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ ತೆಳುವಾದ ಪದರವಾಗಿತ್ತು. ಮಳೆಗಾಲದಲ್ಲಿ ಹಿಮದ ಹಳಕುಗಳು ಕರಗಲು ಶುರುವಾಗುವ ಎತ್ತರ ಅದು. ನೀರಿನ ಕವಚ ಹೊತ್ತ ಹಿಮ ರೇಡಾರ್‌ಗೆ ದೊಡ್ಡ ಹನಿಯಂತೆ ಹೊಳೆಯುತ್ತದೆ. ಮ್ಯಾಕ್ಸ್ ಝಡ್ ಅತಿ ಬಲವಾದದ್ದನ್ನೇ ಆರಿಸುವುದರಿಂದ ಆ ಪದರವನ್ನು ನೆಲದ ಮಳೆ ಎಂದು ಓದಿಬಿಡುತ್ತೇವೆ. ಇಂಥ ಹೊತ್ತಿನಲ್ಲಿ ಅತಿ ಕೆಳಗಿನ ಕೋನದ 'ಪಿಪಿಐ ಝಡ್' ಚಿತ್ರವನ್ನೋ, ಮಿಲಿಮೀಟರ್‌ನಲ್ಲಿ ಮಳೆ ತೋರಿಸುವ 'ಎಸ್‌ಆರ್‌ಐ' ಚಿತ್ರವನ್ನೋ ಜೊತೆಗಿಟ್ಟು ನೋಡಬೇಕು.

ನಾಲ್ಕನೇ ದಿನ: ಶಿರಸಿ – ಸಿದ್ದಾಪುರ – ಜೋಗ

ಬೆಳಿಗ್ಗೆ ಹಿಂದಿನ ಸಂಜೆಗೆ ತದ್ವಿರುದ್ಧ. ಚಿತ್ರದಲ್ಲಿ ಸಿದ್ದಾಪುರದವರೆಗೆ ಏನೂ ಇಲ್ಲ, ರಸ್ತೆಯಲ್ಲಿ ಜಿಟಿಜಿಟಿ ಮಳೆ, ಹತ್ತು ನಿಮಿಷದಲ್ಲಿ ಕೈಗವಸು ತೊಯ್ದು ತೊಪ್ಪೆ. ಇದಕ್ಕೆ ಎರಡು ಕಾರಣ. ಶಿರಸಿಯ ಮೇಲೆ ಆ ಕೆಳಗಿನ ಕಿರಣ ಸುಮಾರು 2.5 ಕಿಲೋಮೀಟರ್ ಎತ್ತರದಲ್ಲಿದೆ, ಜೋಗದ ಹೊತ್ತಿಗೆ 3.3. ಮಲೆನಾಡಿನ ತಗ್ಗು ಮೋಡ ಅದರ ಕೆಳಗೇ ಹುಟ್ಟಿ ಕೆಳಗೇ ಸುರಿದು ಮುಗಿಯುತ್ತದೆ. ಎರಡನೆಯದು ಹನಿಯ ಗಾತ್ರ. ಪ್ರತಿಫಲನ ಹನಿಯ ವ್ಯಾಸದ ಆರನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. 2 ಮಿ.ಮೀ.ನ ಒಂದು ಹನಿ ಕೊಡುವ ಪ್ರತಿಫಲನಕ್ಕೆ ಅರ್ಧ ಮಿ.ಮೀ.ನ 4,096 ಹನಿ ಬೇಕು. ಸೋನೆ ಮಳೆ ಎಷ್ಟು ನೆನೆಸಿದರೂ ರೇಡಾರ್‌ಗೆ ಬಡಕಲು.

ಸಿದ್ದಾಪುರಕ್ಕೆ ಮೊದಲು ರಸ್ತೆಬದಿಯ ತೋಟದ ಅಂಚಿನಲ್ಲಿ ಮೂವರು ಕಾದು ನಿಂತಿದ್ದರು. ಪಕ್ಕದಲ್ಲಿ ಡ್ರಮ್ಮು, ಮೈಲುತುತ್ತ, ಸುಣ್ಣ. ಅಡಿಕೆಗೆ ಎರಡನೇ ಸುತ್ತಿನ ಕೊಳೆ ರೋಗದ ಮದ್ದು ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೊದಲ ಸುತ್ತು ಮಳೆಗಾಲದ ಬಾಗಿಲಲ್ಲೇ ಮುಗಿದಿತ್ತು, ಆಗಿನಿಂದ ನಲವತ್ತೈದು ದಿನ ಹತ್ತಿರವಾಗಿತ್ತು. ಕೊನೆಗೌಡರು ಮರ ಹತ್ತಲು ಸಿದ್ಧ, ಹೊಳವು ಮಾತ್ರ ಇಲ್ಲ.

"ನಿಮ್ಮ ಮೊಬೈಲಲ್ಲಿ ಎಂತ ತೋರಿಸ್ತು?" ಎಂದು ತೋಟದ ಯಜಮಾನರು ಕೇಳಿದರು.

"ಇಲ್ಲಿ ಮಳೆಯೇ ಇಲ್ಲ ಅಂತಿದೆ ಹೆಗಡೇರೇ."

"ಹಂಗಾರೆ ತಲೆ ಮೇಲೆ ಬೀಳ್ತಾ ಇರದು ಎಂತು?" ಅವರು ನಗಲಿಲ್ಲ, ನಿಜವಾಗಿಯೇ ಕೇಳಿದ್ದು.

ಕಿರಣದ ಎತ್ತರವನ್ನು ಕೈಯಲ್ಲಿ ತೋರಿಸಿ ಹೇಳಿದ ಮೇಲೆ ಮಾತು ಮುಂದುವರಿಯಿತು. ತೋಟದ ಮೇಲಿನ ಸೋನೆಯನ್ನು ರೇಡಾರ್ ನೋಡಲಾರದು, ಅದಕ್ಕೆ ಕಣ್ಣೇ ಸಾಕು. ಆದರೆ ಈ ಸೋನೆ ನಿಂತ ಮೇಲೆ ಮುಂದಿನ ದೊಡ್ಡ ಮಳೆ ಯಾವಾಗ ಎನ್ನುವುದನ್ನು ಸಮುದ್ರದ ಮೇಲೆ ಹುಡುಕಬಹುದು. ಹೊನ್ನಾವರದ ಕರಾವಳಿಯಿಂದ ಸಿದ್ದಾಪುರ ಪೂರ್ವಕ್ಕೆ ಸುಮಾರು 48 ಕಿಲೋಮೀಟರ್. ಕರಾವಳಿಯಿಂದ ಪಶ್ಚಿಮಕ್ಕೆ 70 ಕಿಲೋಮೀಟರ್ ಸಮುದ್ರ ಖಾಲಿ ಇತ್ತು. ಒಟ್ಟು 118 ಕಿಲೋಮೀಟರ್, ಗಂಟೆಗೆ 40ರಂತೆ ಮೂರು ತಾಸು. ನಡುವೆ ಹೊಸ ಮೋಡ ಹುಟ್ಟಬಹುದಾದ್ದರಿಂದ ಲೆಕ್ಕದ ಅರ್ಧವನ್ನಷ್ಟೇ ಖರ್ಚು ಮಾಡಬೇಕು, ಅಂದರೆ ಒಂದೂವರೆ ತಾಸು. ನೆಲದ ಮಳೆಗೆ ಇನ್ನೊಂದು ಸಾಕ್ಷಿಯೂ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳಲ್ಲಿವೆ, 15 ನಿಮಿಷಕ್ಕೊಮ್ಮೆ ಅಳತೆ ಕಳಿಸುತ್ತವೆ. ಆ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿಗೆ ರೈತರು ಕರೆ ಮಾಡಿ ತಮ್ಮೂರಿನ ಮಳೆ ಕೇಳಬಹುದು. ಹೆಗಡೇರು ಕರೆ ಮಾಡಿದರು. ಸೋನೆ 9:50ಕ್ಕೆ ನಿಂತಿತು. ಅಡಿಕೆಯ ಗೊನೆ ಆರಲೆಂದು ಅರ್ಧ ತಾಸು ಬಿಟ್ಟು ಕೊನೆಗೌಡರು ಹತ್ತಿದರು. "ಹೊಡೆದ ಮೇಲೆ ಒಂದೆರಡು ತಾಸಾದ್ರೂ ಒಣಗೂಕೆ ಬೇಕು. ಅರ್ಧ ತೋಟ ಇವತ್ತು, ಅರ್ಧ ನಾಳೆ," ಎಂದು ಯಜಮಾನರೇ ತೀರ್ಮಾನಿಸಿದರು. ಮೂರು ತಾಸಿನ ಹೊಳವನ್ನು ಪೂರ್ತಿ ಬಳಸಲು ಹೋಗದ ಆ ತೀರ್ಮಾನ ನಮ್ಮ ಲೆಕ್ಕಕ್ಕಿಂತ ಪಕ್ವವಾಗಿತ್ತು. ಜಗುಲಿಯಲ್ಲಿ ಕಷಾಯ, ಹಲಸಿನ ಹಪ್ಪಳ.

ಜೋಗದಲ್ಲಿ ರೇಡಾರ್ ಖಾಲಿ, ಕಣಿವೆ ತುಂಬ ಬಿಳಿ. ಮಂಜಿನ ಕಣ ಎಷ್ಟು ಸಣ್ಣದೆಂದರೆ ಆ ಆರನೇ ಘಾತದ ಲೆಕ್ಕದಲ್ಲಿ ಅದಕ್ಕೆ ಅಸ್ತಿತ್ವವೇ ಇಲ್ಲ. 253 ಮೀಟರ್ ಬೀಳುವ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಉಪಗ್ರಹದ ಚಿತ್ರವೂ ಇಲ್ಲಿ ಪ್ರಯೋಜನಕ್ಕಿಲ್ಲ, ಅದು ಮೋಡದ ಮೇಲ್ಮೈ ನೋಡುತ್ತದೆ. ಮಾಡಬೇಕಾದದ್ದು ಒಂದೇ, ಕಾಯುವುದು. ಎರಡು ತಾಸಿನಲ್ಲಿ ಮೂರು ಸಲ ಪರದೆ ಸರಿಯಿತು, ಒಮ್ಮೆ ನಾಲ್ಕು ನಿಮಿಷ. ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಒಟ್ಟಿಗೆ ಕಂಡವು. ಜೋಳ ಸುಡುತ್ತಿದ್ದ ಅಕ್ಕ ಬೆನ್ನು ತಿರುಗಿಸಿಯೇ "ಈಗ ನೋಡಿ, ಈಗ ನೋಡಿ" ಎಂದು ಕೂಗುತ್ತಿದ್ದರು. ಬೆನ್ನಿಗೆ ಗಾಳಿ ತಾಗಿದಾಗ ಮಂಜು ಹರಿಯುತ್ತದೆಂದು ಅವರಿಗೆ ಗೊತ್ತಿತ್ತು.

ಐದನೇ ದಿನ: ಜೋಗ – ಗೇರುಸೊಪ್ಪ – ಹೊನ್ನಾವರ – ಕುಮಟಾ

ಮಾವಿನಗುಂಡಿಯಿಂದ ಗೇರುಸೊಪ್ಪ ಘಟ್ಟ ಇಳಿಯುವಾಗ ಮಳೆ ಹಿಡಿಯಿತು, ನಿರೀಕ್ಷಿಸಿದ್ದೇ. ಹೊನ್ನಾವರ ತಲುಪಿದಾಗ 1:05. ಚಿತ್ರ 07:20ರದ್ದು, ಅಂದರೆ 12:50ರದ್ದು, ತಾರೀಕು ಅಂದಿನದೇ. ಕರಾವಳಿಯ ಉದ್ದಕ್ಕೂ ಒಂದು ಪಟ್ಟೆ, ನಡುವಿನಲ್ಲಿ 47ರ ಕೆಂಪು. ನಾವು ಹೋಗಬೇಕಾದದ್ದು ಉತ್ತರಕ್ಕೆ, ಪಟ್ಟೆ ಸರಿಯುತ್ತಿದ್ದದ್ದು ಪೂರ್ವಕ್ಕೆ. ಹೀಗಿದ್ದಾಗ ಎಷ್ಟು ವೇಗವಾಗಿ ಓಡಿಸಿದರೂ ಅದೇ ಪಟ್ಟೆಯ ಉದ್ದಕ್ಕೇ ನೆನೆಯುತ್ತ ಹೋಗಬೇಕಾಗುತ್ತದೆ. ನಿಂತರೆ ಅದು ತಾನೇ ದಾಟಿಹೋಗುತ್ತದೆ. ಹಿಂದಿನ ಅಂಚು ದಡದಿಂದ 22 ಕಿಲೋಮೀಟರ್ ಹೊರಗಿತ್ತು. ಗಂಟೆಗೆ 35ರ ಲೆಕ್ಕದಲ್ಲಿ 12:50ರಿಂದ 38 ನಿಮಿಷ.

ಶರಾವತಿ ಸೇತುವೆಯ ಈಚೆ ಬದಿಯ ಹೋಟೆಲಿನಲ್ಲಿ ಮಿರ್ಚಿ ಬಜೆ, ಚಹಾ. ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. 1:20ರ ಹೊತ್ತಿಗೆ ಬಂದ ಹೊಸ ಚಿತ್ರದಲ್ಲಿ ಅಂಚು ದಡದಿಂದ 9 ಕಿಲೋಮೀಟರ್ ದೂರದಲ್ಲಿತ್ತು, ಅದರ ಹಿಂದೆ 30 ಕಿಲೋಮೀಟರ್ ಖಾಲಿ, ಆಮೇಲೆ ಮತ್ತೊಂದು ಪಟ್ಟೆ. 1:35ಕ್ಕೆ ತಗಡಿನ ಸದ್ದು ನಿಂತಿತು. ಖಾಲಿ ಜಾಗದ ಅರ್ಧ ಅಂದರೆ 25 ನಿಮಿಷ, ಕುಮಟಾಕ್ಕೆ 20 ಕಿಲೋಮೀಟರ್. ರೇನ್‌ಕೋಟ್ ಬಿಚ್ಚದೆ ಹೊರಟು, ಕುಮಟಾ ಬಸ್ ನಿಲ್ದಾಣದ ಎದುರು ಬೈಕ್ ನಿಲ್ಲಿಸಿದಾಗ 2:05. ಪಶ್ಚಿಮದ ಮನೆಗಳ ಮೇಲಿನ ತೆಂಗಿನ ತಲೆಗಳು ಒಂದೊಂದಾಗಿ ಮಸುಕಾಗತೊಡಗಿದ್ದವು.